ಎರಡು ನಕ್ಷತ್ರ ತೋರಿಸಿದರೆ ಸಾಕು

ಮಗಳಿಗೆಂದು ಗೋ-ಟು ಟೆಲಿಸ್ಕೋಪ್ ಕೊಂಡ ಓದುಗರೊಬ್ಬರು ಬೇಸರದಿಂದ ಕೇಳಿದ್ದಾರೆ: ‘ಒಳಗೆ ಕಂಪ್ಯೂಟರ್ ಇದೆ, ಮೋಟಾರ್ ಇದೆ, 40,000 ಆಕಾಶಕಾಯಗಳ ಪಟ್ಟಿಯೂ ಇದೆ. ಆದರೂ ಮೊದಲು ಎರಡು ನಕ್ಷತ್ರಗಳನ್ನು ನಾವೇ ತೋರಿಸಬೇಕಂತೆ. ನಮಗೇ ನಕ್ಷತ್ರ ಗೊತ್ತಿದ್ದರೆ ಕಂಪ್ಯೂಟರ್ ಯಾಕೆ ಬೇಕಿತ್ತು?’

ಇದಕ್ಕೆ ನಾನು ಕೇಳಿದ ಒಳ್ಳೆಯ ಉತ್ತರ ಸರ್ವೆಯರ್ ಆಗಿರುವ ಗೆಳೆಯನದು. ಶಿವರಾತ್ರಿಯಂದು ಹಿರಿಯೂರಿನ ಹತ್ತಿರ ಕಡಲೆ ಕಿತ್ತ ಹೊಲವೊಂದರಲ್ಲಿ ಸೇರಿದ್ದೆವು. ತಾರೆ ನೋಡುವವರಿಗೆ ಅದಕ್ಕಿಂತ ಒಳ್ಳೆಯ ರಾತ್ರಿಯಿಲ್ಲ. ಅಮಾವಾಸ್ಯೆಯ ಅಂಚು, ಬೆಳಗಾಗುವ ಹೊತ್ತಿನವರೆಗೆ ಚಂದ್ರನ ಕಾಟವಿಲ್ಲ, ಹೇಗೂ ಜಾಗರಣೆ. 6 ಇಂಚಿನ ಟೆಲಿಸ್ಕೋಪನ್ನು ಟ್ರೈಪಾಡ್ ಮೇಲೆ ಕೂರಿಸಿ, ಸ್ಥಳ, ಸಮಯ, ದಿನಾಂಕ ತುಂಬಿದೆವು. (ದಿನಾಂಕದಲ್ಲಿ ಅಮೆರಿಕದವರ ಕ್ರಮದಂತೆ ತಿಂಗಳು ಮೊದಲು ಬರುತ್ತದೆ. ಹೊಸಬರು ಇಲ್ಲಿ ಎಚ್ಚರ ವಹಿಸಬೇಕು.) ಆಮೇಲೆ ಅದು ನಕ್ಷತ್ರ ಕೇಳಿತು.

ಯಂತ್ರಕ್ಕೆ ಆಗ ಗೊತ್ತಿರುವುದು ಇಷ್ಟೇ: ತನ್ನ ಎರಡು ಅಕ್ಷಗಳು ಎಷ್ಟೆಷ್ಟು ತಿರುಗಿದವು ಎನ್ನುವುದು. ಎಲ್ಲಿಂದ ತಿರುಗತೊಡಗಿದವು ಎನ್ನುವುದು ಗೊತ್ತಿಲ್ಲ. ಇದನ್ನು ವಿವರಿಸುತ್ತಿದ್ದಾಗ ಗೆಳೆಯ ನಡುವೆ ಬಾಯಿ ಹಾಕಿದ: ‘ಬಾಂದು ಕಲ್ಲು ಹುಡುಕೋದು ಅನ್ನು. ನಮ್ಮ ಕೆಲಸಾನೇ ಕಣೋ ಇದು!’

ಅವನು ಹೇಳಿದ್ದು ಅಕ್ಷರಶಃ ಸರಿ. ಜಮೀನು ಅಳೆಯಲು ಹೋದವನ ಕೈಯಲ್ಲಿ ನಕ್ಷೆ ಇರುತ್ತದೆ. ಯಾವ ಕಲ್ಲಿಂದ ಯಾವ ಕಲ್ಲಿಗೆ ಎಷ್ಟು ದೂರ ಎಂಬುದೆಲ್ಲ ಅದರಲ್ಲಿದೆ. ನೆಲದ ಮೇಲೆ ಮಾತ್ರ, ಉತ್ತು ಉತ್ತು ಕಲ್ಲುಗಳು ಕಾಣೆಯಾಗಿರುತ್ತವೆ. ಹಳೆಯ ಬಾಂದು ಒಂದೇ ಸಿಕ್ಕರೆ ಸಾಲದು, ಅದರ ಸುತ್ತ ನಕ್ಷೆಯನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಎರಡನೆಯದು ಸಿಕ್ಕಿತೋ, ನಕ್ಷೆ ಅಲುಗದೆ ಕೂತಿತು. ಉಳಿದ ಕಲ್ಲುಗಳ ಜಾಗವೆಲ್ಲ ತಾನಾಗಿಯೇ ತಿಳಿಯಿತು. ಆ ಎರಡೂ ಒಂದರ ಪಕ್ಕ ಒಂದಿದ್ದರೆ ಮಾತ್ರ ಫಜೀತಿ. ಇಲ್ಲಿ ಗೇಣು ತಪ್ಪಿದರೆ ಹೊಲದ ಆಚೆ ತುದಿಯಲ್ಲಿ ಮಾರು ತಪ್ಪುತ್ತದೆ, ಪಕ್ಕದ ಹೊಲದವನು ಜಗಳಕ್ಕೆ ನಿಲ್ಲುತ್ತಾನೆ.

ಆಕಾಶದಲ್ಲೂ ಲೆಕ್ಕ ಹಾಗೆಯೇ. 5 ಡಿಗ್ರಿ ಅಂತರದ ಎರಡು ತಾರೆಗಳನ್ನು ಆರಿಸಿ, ಒಂದನ್ನು 0.1 ಡಿಗ್ರಿ ತಪ್ಪಾಗಿ ತೋರಿಸಿದರೆ, 90 ಡಿಗ್ರಿ ದೂರದ ಕಾಯಕ್ಕೆ ಹೋದಾಗ ತಪ್ಪು 1 ಡಿಗ್ರಿ ದಾಟುತ್ತದೆ. ನಮ್ಮ ಟೆಲಿಸ್ಕೋಪಿನಲ್ಲಿ 60 ಪಟ್ಟು ಹಿಗ್ಗಿಸಿದಾಗ ಕಣ್ಣಿಗೆ ಸಿಗುವ ಆಕಾಶ ಒಂದು ಡಿಗ್ರಿಗೂ ಕಡಿಮೆ. ಅಂದರೆ ಬೇಕಾದದ್ದು ಚೌಕಟ್ಟಿನ ಹೊರಗೇ ಉಳಿಯುತ್ತದೆ. ಅದಕ್ಕೇ ನಾವು ತೆಂಕಣ ನೆತ್ತಿಯಲ್ಲಿದ್ದ ಲುಬ್ಧಕ ಮತ್ತು ಬಡಗಣದ ಬ್ರಹ್ಮಹೃದಯವನ್ನು ಆರಿಸಿದೆವು. ಅವೆರಡರ ನಡುವೆ 66 ಡಿಗ್ರಿ. ಕೊನೆಯಲ್ಲಿ ತಾರೆಯನ್ನು ನಡುಮಧ್ಯಕ್ಕೆ ತರುವಾಗ ಮೇಲಿನ ಮತ್ತು ಬಲಗಡೆಯ ಗುಂಡಿಗಳನ್ನು ಮಾತ್ರ ಒತ್ತಬೇಕು. ಗೇರಿನ ಹಲ್ಲುಗಳ ನಡುವೆ ಚೂರು ಸಡಿಲ ಇರುತ್ತದೆ. ಒಂದೇ ದಿಕ್ಕಿನಿಂದ ಬಂದು ನಿಂತರೆ ಹಲ್ಲು ಹಲ್ಲಿಗೆ ಒತ್ತಿಕೊಂಡಿರುತ್ತದೆ, ಲೆಕ್ಕ ಕೆಡುವುದಿಲ್ಲ.

ಈ ಗಣಿತವನ್ನು ಹವ್ಯಾಸಿಗಳ ಕೈಗೆ ಇಟ್ಟವರು ಜಪಾನಿನ ತೊಶಿಮಿ ಟಾಕಿ. 1989ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಅವರು ಮ್ಯಾಟ್ರಿಕ್ಸ್ ವಿಧಾನವನ್ನು ಬಿಡಿಸಿ ಬರೆದರು. ಎರಡು ತಾರೆಗಳ ದಿಕ್ಕು ಗೊತ್ತಾದರೆ ಟ್ರೈಪಾಡ್ ಎಷ್ಟೇ ವಾಲಿರಲಿ, ಯಂತ್ರದ ಅಳತೆಯನ್ನು ಆಕಾಶದ ಅಳತೆಗೆ ಬದಲಿಸಬಹುದು. ಹಳೆಯ ಪದ್ಧತಿಯಲ್ಲಿ ಟೆಲಿಸ್ಕೋಪಿನ ಒಂದು ಅಕ್ಷವನ್ನು ಧ್ರುವದತ್ತ ಗುರಿಯಿಡಲೇಬೇಕಿತ್ತು. ಯುರೋಪಿನವರಿಗೆ ಅದು ಸಲೀಸು, ಧ್ರುವ ನಕ್ಷತ್ರ ಅಲ್ಲಿ ಎತ್ತರದಲ್ಲಿದೆ. ಹಿರಿಯೂರಿನಲ್ಲಿ ಅದು ದಿಗಂತದಿಂದ ಬರೀ 14 ಡಿಗ್ರಿ ಮೇಲೆ, ಧೂಳಿನ ಮಬ್ಬಿನಲ್ಲಿ, ಬಹಳ ಸಲ ಯಾವುದೋ ತೆಂಗಿನ ಮರದ ಹಿಂದೆ. ಟಾಕಿಯವರ ಗಣಿತದಿಂದ ಹೆಚ್ಚು ಲಾಭ ಪಡೆದವರು ನಮ್ಮಂತೆ ಸಮಭಾಜಕದ ಹತ್ತಿರ ಇರುವವರು ಎಂದು ನನ್ನ ನಂಬಿಕೆ.

40,000ದ ಮಾತಿಗೆ ಮರುಳಾಗಬೇಡಿ. ಅದರಲ್ಲಿ ಬಹುಪಾಲು ಬಿಡಿ ನಕ್ಷತ್ರಗಳು ಮತ್ತು 6 ಇಂಚಿಗೆ ಸಿಗದ ಮಸುಕು ಗೆಲಾಕ್ಸಿಗಳು. ಡಬ್ಬದ ಮೇಲಿನ ಕೆಂಪು ನೀಲಿ ಚಿತ್ರಗಳು ಕ್ಯಾಮೆರಾ ಬಹಳ ಹೊತ್ತು ಬೆಳಕು ಕುಡಿದು ಕೊಟ್ಟವು. ಕಣ್ಣಿಗೆ ಕಾಣುವುದು ಬೂದು ಬಣ್ಣ. ಹಾಗಿದ್ದೂ ಬೆಳಗಿನ ಜಾವ 3 ಗಂಟೆಯ ಹೊತ್ತಿಗೆ ಒಮೆಗಾ ಸೆಂಟಾರಿ ದಕ್ಷಿಣದಲ್ಲಿ ಏರಿದಾಗ ನಮ್ಮಲ್ಲಿ ಯಾರೂ ಬಣ್ಣ ಕೇಳಲಿಲ್ಲ. ಸುಮಾರು 17,000 ಜ್ಯೋತಿರ್ವರ್ಷ ದೂರದ, 1 ಕೋಟಿಯಷ್ಟು ನಕ್ಷತ್ರಗಳ ಗುಂಪು ಅದು. ಮೊದಲು ಬರೀ ಮಂಜಿನ ಉಂಡೆ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿದರೆ ಅಂಚಿನಿಂದ ಒಳಗೆ ಒಂದೊಂದೇ ಚುಕ್ಕಿ ಬಿಡಿಬಿಡಿಯಾಗುತ್ತದೆ. ಗೆಳೆಯ ಐಪೀಸ್ ಬಿಟ್ಟುಕೊಡಲೇ ಇಲ್ಲ. ಲಂಡನ್ನಿನಲ್ಲಿ ಇದು ಹುಟ್ಟುವುದೇ ಇಲ್ಲ. ನಮ್ಮಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಇನ್ನು ಓದುಗರ ಮಗಳಿಗೆ. ಮೇ ತಿಂಗಳ ಮುಸ್ಸಂಜೆ ಕಳೆದ ಮೇಲೆ, 8 ಗಂಟೆಯ ಸುಮಾರಿಗೆ, ಪಶ್ಚಿಮದಲ್ಲಿ ಪುನರ್ವಸು ಜೋಡಿಯ ಪೊಲಕ್ಸ್, ಆಗ್ನೇಯದಲ್ಲಿ ಚಿತ್ರಾ ಆರಿಸಿಕೊಳ್ಳಲಿ. ಎರಡೂ ಅರ್ಧ ಆಕಾಶದ ಎತ್ತರದಲ್ಲಿರುತ್ತವೆ, ನಡುವಿನ ಅಂತರ 91 ಡಿಗ್ರಿ. ಜೋಡಿಯಲ್ಲಿ ಹೆಚ್ಚು ಹೊಳೆಯುವ, ಕೊಂಚ ಕಿತ್ತಳೆ ಛಾಯೆಯದು ಪೊಲಕ್ಸ್, ಬೆಳ್ಳಗಿನದು ಕ್ಯಾಸ್ಟರ್. ತಪ್ಪಿ ಕ್ಯಾಸ್ಟರ್ ತೋರಿಸಿದರೆ ಅಂತರ 94 ಡಿಗ್ರಿ ಬರುತ್ತದೆ. ನಕ್ಷೆಗೆ ಅದು ತಾಳೆಯಾಗದೆ ಅಲೈನ್‌ಮೆಂಟ್ ಆಗಲಿಲ್ಲ ಎಂದು ಪರದೆ ಹೇಳುತ್ತದೆ. ಆಗ ಪಕ್ಕದ ತಾರೆಗೆ ಹೊರಳಿಸಿ ಮತ್ತೆ ಗುಂಡಿ ಒತ್ತಿದರಾಯಿತು.