ಎಳೆಯನ್ನು ಕಡಿದವರು ಯಾರು?

ರಕ್ತಪರೀಕ್ಷೆಗೆ ಹೋದಾಗ ನೇರಳೆ ಮುಚ್ಚಳದ ಪುಟ್ಟ ಕೊಳವೆಯನ್ನು ವಾಚಕರು ಗಮನಿಸಿರಬಹುದು. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕವಿರುತ್ತದೆ. ಅದರಿಂದ ಇನ್ನೊಂದು ಉಪಕಾರವೂ ಉಂಟು. ಅನುವಂಶೀಯತೆಯ ವಾಹಕವಾದ ಡಿ.ಎನ್.ಎ.ಯನ್ನು ಕತ್ತರಿಸುವ ಅನೇಕ ಕಿಣ್ವಗಳಿಗೆ ಮೆಗ್ನೀಸಿಯಮ್ ಅವಶ್ಯಕ. ಈ ರಾಸಾಯನಿಕವು ಅದನ್ನು ಸೆರೆಹಿಡಿದು ಕಿಣ್ವಗಳ ಕೈ ಕಟ್ಟಿಹಾಕುತ್ತದೆ.

ಆದರೆ ಶುದ್ಧೀಕರಣಕ್ಕೆ ಕುಳಿತ ಮನುಷ್ಯನ ಕೈಯನ್ನು ಕಟ್ಟುವವರಾರು? ನಮ್ಮ ಅತಿ ದೊಡ್ಡ ವರ್ಣತಂತುವಿನ ಡಿ.ಎನ್.ಎ.ಯು ಸುಮಾರು 25 ಕೋಟಿ ಘಟಕ ಜೋಡಿಗಳ ಒಂದೇ ಎಳೆ. ಚಾಚಿದರೆ 8 ಸೆಂಟಿಮೀಟರಿಗೂ ಮಿಕ್ಕ ಉದ್ದ. ದಪ್ಪವೋ, ಮಿಲಿಮೀಟರಿನ 5 ಲಕ್ಷದಲ್ಲೊಂದು ಪಾಲು. ಇದೇ ಪ್ರಮಾಣದಲ್ಲಿ 1 ಮಿಲಿಮೀಟರು ದಪ್ಪದ ದಾರ ಹೊಸೆದರೆ ಅದು 40 ಕಿಲೋಮೀಟರನ್ನು ದಾಟೀತು! ಇಂಥ ಎಳೆಯನ್ನು ಪಡೆಯಲು ಜೀವಕೋಶವನ್ನು ಒಡೆದು, ಫೀನಾಲ್ ಬೆರೆಸಿ ಕುಲುಕಿ, ಪ್ರೋಟೀನನ್ನು ಬೇರ್ಪಡಿಸಿ, ಸಪುರ ಪಿಪೆಟ್ಟಿನಲ್ಲಿ ಹೀರಬೇಕು. ಕಿರಿದಾದ ರಂಧ್ರಕ್ಕೆ ದ್ರವ ನುಗ್ಗುವಾಗ ಎಳೆಯ ಒಂದು ತುದಿ ಮುಂದೋಡುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಸೆಳೆತ ನಡುವಿನಲ್ಲೇ ಅತ್ಯಧಿಕವಾದ್ದರಿಂದ ಎಳೆ ಬಹುಮಟ್ಟಿಗೆ ಮಧ್ಯದಲ್ಲಿ ತುಂಡಾಗುತ್ತದೆ. ಉದ್ದವಾದಷ್ಟೂ ತುಂಡಾಗುವುದು ಸುಲಭ. ಬೆಂದ ಶಾವಿಗೆಯನ್ನು ಸೌಟಿನಿಂದ ತಿರುವಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಜ್ಞಾನಿಗಳಿಗೆ ಮಾತ್ರ ಇದು ತಡವಾಗಿ ತಿಳಿಯಿತು. 1950ರ ದಶಕದಲ್ಲಿ ಕರುವಿನ ಥೈಮಸ್ ಗ್ರಂಥಿಯಿಂದ ಪಡೆದ ಡಿ.ಎನ್.ಎ.ಯ ಅಣುತೂಕ ಕೆಲವು ದಶಲಕ್ಷಗಳೆಂದು ಅಳೆದಿದ್ದರು. ಅಂದರೆ ಹತ್ತು ಸಾವಿರ ಜೋಡಿಗಳ ಆಸುಪಾಸು. ವರ್ಣತಂತುವೆಂದರೆ ಇಂಥ ತುಂಡುಗಳನ್ನು ಪ್ರೋಟೀನಿನಿಂದ ಬೆಸೆದ ಮಾಲೆಯೇ ಎಂಬ ಊಹೆಯೂ ಹುಟ್ಟಿತು. ಅವರು ಅಳೆದದ್ದು ಪ್ರಾಣಿಯ ಅಣುವನ್ನಲ್ಲ, ತಮ್ಮ ಪಿಪೆಟ್ಟಿನ ಪ್ರತಾಪವನ್ನು! ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸಿನ ಡಿ.ಎನ್.ಎ. ಕೂಡ ದ್ರವದ ಸೆಳೆತಕ್ಕೆ ತುಂಡಾಗುವುದನ್ನು 1959ರಲ್ಲಿ ಡೇವಿಸನ್ ತೋರಿಸಿಕೊಟ್ಟರು.

1973ರಲ್ಲಿ ರುತ್ ಕಾವೆನಾಫ್ ಮತ್ತು ಬ್ರೂನೋ ಜಿಮ್ ಜಾಣತನದ ದಾರಿ ಹಿಡಿದರು. ಹಣ್ಣುನೊಣದ ಜೀವಕೋಶಗಳನ್ನು ಅಳೆಯುವ ಪಾತ್ರೆಯೊಳಗೇ ಒಡೆದರು, ಹೀರಲಿಲ್ಲ, ಸುರಿಯಲಿಲ್ಲ. ಹಿಗ್ಗಿದ ಎಳೆಗಳು ಮತ್ತೆ ಕುಗ್ಗಲು ಹಿಡಿಯುವ ಕಾಲದಿಂದ ಗಾತ್ರವನ್ನು ಗಣಿಸಿದರು. ಅಣುತೂಕ ಸುಮಾರು 4,000 ಕೋಟಿ ಎಂದು ಬಂತು: ಇಡೀ ವರ್ಣತಂತುವಿಗೆ ಒಂದೇ ಅಣು.

ಮುಂದೆ ಜೀವಕೋಶಗಳನ್ನು ಅಗರೋಸಿನ ಲೋಳೆಗಟ್ಟಿಯಲ್ಲಿ ಹುದುಗಿಸಿ, ಅಲ್ಲೇ ಶುದ್ಧೀಕರಿಸುವ ವಿಧಾನ ಬಂದಿತು. 1984ರಲ್ಲಿ ಶ್ವಾರ್ಟ್ಸ್ ಮತ್ತು ಕ್ಯಾಂಟರ್ ಯೀಸ್ಟಿನ ವರ್ಣತಂತುಗಳ ಡಿ.ಎನ್.ಎ.ಯನ್ನು ಹೀಗೆಯೇ ಅಖಂಡವಾಗಿ ಬೇರ್ಪಡಿಸಿದರು.

ಆಸ್ಪತ್ರೆಯ ಸಾಮಾನ್ಯ ಡಿ.ಎನ್.ಎ. ಪರೀಕ್ಷೆಗಳಲ್ಲಿ ಬಹುಪಾಲಿಗೆ ಚಿಕ್ಕ ತುಂಡುಗಳೇ ಸಾಕು. ಅಲ್ಲಿ ಕುಲುಕಿದರೆ ಹಾನಿಯಿಲ್ಲ. ಆದರೆ 2022ರಲ್ಲಿ ಪ್ರಕಟವಾದ ಮಾನವ ಜೀನೋಮಿನ ಸಂಪೂರ್ಣ ಪಾಠಕ್ಕೆ ಲಕ್ಷ ಜೋಡಿಗಳಿಗೂ ಉದ್ದದ ಎಳೆಗಳು ಬೇಕಾದುವು. ಅಂಥ ಕೆಲಸಕ್ಕೆ ಅಗಲಬಾಯಿಯ ಪಿಪೆಟ್ಟು ಬೇಕು, ಕೊಳವೆಯನ್ನು ಮೆಲ್ಲನೆ ವಾಲಿಸುವ ತಾಳ್ಮೆಯೂ ಬೇಕು.