ಊರಿನ ಮನೆಯ ಮಾಡು: ನಂಬಿಗಸ್ತ ಗುತ್ತಿಗೆದಾರನನ್ನು ಆರಿಸುವ ಬಗೆ

ಯುಗಾದಿ ಕಳೆದು ಬಿಸು ಸಮೀಪಿಸುತ್ತಿದ್ದಂತೆಯೇ ಮುಂಬಯಿಯ ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಬಳಿಯಲ್ಲಿಯೂ, ಕಚೇರಿಗಳ ಊಟದ ವಿರಾಮದಲ್ಲಿಯೂ ಪ್ರತಿವರ್ಷ ಒಂದೇ ಮಾತು ಕೇಳಿಬರುತ್ತದೆ: "ಊರಿನಿಂದ ಫೋನು ಬಂದಿತ್ತು. ಮಾಡು ಈ ಮಳೆಗಾಲ ತಾಳುವುದಿಲ್ಲವಂತೆ." ಹಿಂದೆ ಈ ಸುದ್ದಿ ಕಾರ್ಡಿನಲ್ಲಿ ಬರುತ್ತಿತ್ತು, ಇಂದು ಮೊಬೈಲಿನಲ್ಲಿ ಚಿತ್ರಸಮೇತವಾಗಿ ಬರುತ್ತದೆ. ಸುದ್ದಿ ಬರುವ ದಾರಿ ಬದಲಾಯಿತೇ ಹೊರತು ಎದೆಯೊಳಗಿನ ಕಳವಳ ಬದಲಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಮಾಡು ಸೋರುವುದೆಂದರೆ ವೃದ್ಧ ತಾಯಿತಂದೆಯರು ರಾತ್ರಿಯೆಲ್ಲ ಪಾತ್ರೆಗಳನ್ನು ಅತ್ತಿತ್ತ ಸರಿಸುತ್ತ ನಿದ್ದೆಗೆಡುವುದೆಂದೇ ಅರ್ಥ.

ಈ ವಿಷಯದಲ್ಲಿ ನಮ್ಮದೇ ಒಂದು ಪ್ರಮಾದವನ್ನು ವಾಚಕರ ಮುಂದಿಡುವುದಕ್ಕೆ ಸಂಕೋಚವಿಲ್ಲ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಊರಿನ ಮನೆಯ ಹಂಚಿನ ಮಾಡನ್ನು ಬಿಚ್ಚಿ ಕಟ್ಟಿಸಬೇಕಾಗಿ ಬಂತು. ನೆರೆಯೂರಿನ ಒಬ್ಬ ಗುತ್ತಿಗೆದಾರ, ದೂರದ ನಂಟೂ ಹೌದು, ಫೋನಿನಲ್ಲಿ ಸವಿಯಾಗಿ ಮಾತನಾಡಿ, ಉಳಿದವರಿಗಿಂತ ಕಡಿಮೆ ದರ ಹೇಳಿದ. ನಂಟನೊಡನೆ ಕಾಗದಪತ್ರವೇಕೆ ಎಂಬ ದಾಕ್ಷಿಣ್ಯದಿಂದ ಬರೆಹವೊಂದೂ ಇಲ್ಲದೆ ಮುಕ್ಕಾಲು ಪಾಲು ಹಣವನ್ನು ಒಂದೇ ಸಲ ಕಳುಹಿಸಿದೆವು. ಆತ ಮೇ ತಿಂಗಳ ನಡುವಿನಲ್ಲಿ ಹಂಚು ಇಳಿಸಿ, ಹಳೆಯ ಪಕಾಸುಗಳನ್ನು ಕಿತ್ತು ಅಂಗಳದಲ್ಲಿ ರಾಶಿಹಾಕಿ, ಮತ್ತೊಂದು ಕೆಲಸಕ್ಕೆಂದು ಹೋದವನು ಜೂನಿನ ಮೊದಲ ಮಳೆ ಬಿದ್ದರೂ ತಿರುಗಿ ಬರಲಿಲ್ಲ. ಅಮ್ಮ ಆ ಮಳೆಗಾಲವನ್ನು ತಾಡಪಾಲಿನಡಿಯಲ್ಲಿ ಕಳೆದರು. ಅಕ್ಕಿಯ ಮುಡಿಗಳು ನೆನೆದು ಹಾಳಾದುವು. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯ ಅರ್ಥ ನಮಗೆ ಅಂದು ಸಂಪೂರ್ಣವಾಗಿ ತಿಳಿಯಿತು.

ಹಾಲಿಗೆ ನೀರು ಬೆರೆತಿದೆಯೇ ಎಂದು ದಿನವೂ ಪರೀಕ್ಷಿಸುವ, ತರಕಾರಿಯವನ ತಕ್ಕಡಿಯನ್ನು ಕಣ್ಣಿಟ್ಟು ನೋಡುವ ನಾವು, ನಮ್ಮ ಮನೆಯ ಮಾಡಿನ ಮಟ್ಟಿಗೆ ಒಂದು ಫೋನಿನ ಮಾತಿಗೆ ಮರುಳಾದುದೇಕೆ? ದೂರದಲ್ಲಿರುವವನಿಗೆ ನಂಬುವುದೊಂದೇ ದಾರಿ ಎಂದು ಭಾವಿಸಿದುದರಿಂದ. ಇದು ತಪ್ಪು. ದೂರದಲ್ಲಿದ್ದುಕೊಂಡೂ ಪರೀಕ್ಷಿಸಬಹುದಾದ ಸಂಗತಿಗಳು ಹಲವಿವೆ.

ಮೊದಲು ಕೆಲಸವನ್ನು ತಿಳಿಯಿರಿ

ಗುತ್ತಿಗೆದಾರನನ್ನು ಕರೆಯುವುದಕ್ಕೆ ಮುಂಚೆ ಮಾಡಿಗೆ ಬಂದ ರೋಗವೇನೆಂಬುದನ್ನು ಅರಿಯಬೇಕು. ಹತ್ತಾರು ಹಂಚು ಒಡೆದಿದ್ದರೆ ಅಥವಾ ಮಾಡಿನ ನೆತ್ತಿಯ ಗಾರೆ ಬಿರುಕುಬಿಟ್ಟಿದ್ದರೆ ಎರಡು ದಿನದ ದುರಸ್ತಿ ಸಾಕು. ರೀಪು ಪಕಾಸುಗಳಿಗೆ ಗೆದ್ದಲು ಹಿಡಿದಿದ್ದರೆ ಮಾತ್ರ ಬಿಚ್ಚಿ ಕಟ್ಟುವ ಪ್ರಶ್ನೆ. ಎರಡು ಮಾಡುಗಳು ಕೂಡುವಲ್ಲಿನ ತಗಡು ತುಕ್ಕುಹಿಡಿದು ಸೋರುತ್ತಿರುವ ಮನೆಗೆ ಇಡೀ ಮಾಡನ್ನೇ ಬದಲಿಸಬೇಕೆಂದು ಹೇಳುವವನೂ ಉಂಟು. ಆದುದರಿಂದ ಮನೆಯವರಿಂದ ಒಳಗಿನ ಮತ್ತು ಹೊರಗಿನ ಚಿತ್ರಗಳನ್ನು ತರಿಸಿಕೊಂಡು, ಎಲ್ಲಿ ಸೋರುತ್ತದೆಂಬುದನ್ನು ಗುರುತುಮಾಡಿಸಿರಿ.

ಬಳಿಕ ಒಂದು ಸುಲಭದ ಲೆಕ್ಕವನ್ನು ನೀವೇ ಹಾಕಿರಿ. ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಮನೆ ಎನ್ನೋಣ. ಸುತ್ತಲೂ ಎರಡಡಿ ಇಳಿಮಾಡು ಸೇರಿದರೆ ೪೪ಕ್ಕೆ ೨೯ ಅಡಿ, ಅಂದರೆ ೧,೨೭೬ ಚದರಡಿ. ಇಳಿಜಾರು ಸುಮಾರು ಮೂವತ್ತು ಡಿಗ್ರಿ ಇದ್ದರೆ ಮಾಡಿನ ವಿಸ್ತಾರ ಇದಕ್ಕಿಂತ ನೂರಕ್ಕೆ ಹದಿನೈದರಷ್ಟು ಹೆಚ್ಚಿ ಸುಮಾರು ೧,೪೭೦ ಚದರಡಿಯಾಗುತ್ತದೆ. ಮಂಗಳೂರು ಹಂಚು ನೂರು ಚದರಡಿಗೆ ಸುಮಾರು ೧೪೦ರಿಂದ ೧೫೦ ಬೇಕು. ಆದುದರಿಂದ ಈ ಮನೆಗೆ ಎರಡು ಸಾವಿರದ ನೂರು, ಇನ್ನೂರು ಹಂಚು. ಒಡೆಯುವುದಕ್ಕೆಂದು ಇನ್ನೊಂದು ನೂರು ಸೇರಿಸಿರಿ. ಮೂರು ಸಾವಿರ ಎಂದು ಬರೆದವನಿಂದ ಕಾರಣ ಕೇಳುವ ಹಕ್ಕು ನಿಮಗುಂಟು. ಅಂಕೆ ತಿಳಿದ ಯಜಮಾನನೊಡನೆ ಗುತ್ತಿಗೆದಾರನೂ ಅಳತೆಯ ಮಾತನ್ನೇ ಆಡುತ್ತಾನೆ.

ಮೂವರನ್ನು ಕೇಳಿರಿ, ಹಳೆಯ ಕೆಲಸವನ್ನು ನೋಡಿರಿ

ಕಡಿಮೆಯೆಂದರೆ ಮೂವರಿಂದ ಬರೆಹದಲ್ಲಿ ಅಂದಾಜು ತರಿಸಿರಿ. ಮರ ಯಾವುದು, ಅದರ ಅಳತೆಯೆಷ್ಟು, ಹಂಚು ಹೊಸದೋ ಹಳೆಯದೋ, ಕೂಲಿ ಎಷ್ಟು, ಇಳಿಸಿದ ಹಳೆಯ ಸಾಮಾನು ಯಾರಿಗೆ ಎಂಬುದೆಲ್ಲ ಮೂರರಲ್ಲಿಯೂ ಒಂದೇ ಕ್ರಮದಲ್ಲಿ ಇರಬೇಕು. ಇಲ್ಲವಾದರೆ ದರಗಳನ್ನು ಹೋಲಿಸುವುದು ಇಡ್ಲಿಯ ಬೆಲೆಯನ್ನು ಊಟದ ಬೆಲೆಗೆ ಹೋಲಿಸಿದಂತಾದೀತು. ಮೂವರಲ್ಲಿ ಇಬ್ಬರು ಆಸುಪಾಸಿನ ಮೊತ್ತ ಹೇಳಿ, ಮೂರನೆಯವನು ತೀರ ಕಡಿಮೆ ಹೇಳಿದರೆ, ಆತ ಮರದಲ್ಲಿಯೋ ಕೂಲಿಯಲ್ಲಿಯೋ ಉಳಿಸಹೊರಟಿದ್ದಾನೆಂದು ಶಂಕಿಸುವುದೇ ಲೇಸು.

ಆತ ನಿನ್ನೆ ಮುಗಿಸಿದ ಮನೆಯನ್ನು ನೋಡಿ ಮೆಚ್ಚಬೇಡಿರಿ. ಹೊಸ ಮಾಡೆಲ್ಲ ಚೆಂದವೇ. ಎರಡು ಮೂರು ಮಳೆಗಾಲ ಕಂಡ ಮಾಡುಗಳ ವಿಳಾಸ ಕೇಳಿರಿ. ಊರಿಗೆ ಹೋದಾಗ ನೀವಾಗಲಿ, ತಮ್ಮನಾಗಲಿ, ಆ ಮನೆಗಳಿಗೆ ಹೋಗಿ ಮನೆಯ ಹೆಂಗಸರನ್ನು ವಿಚಾರಿಸಿರಿ. ಎಲ್ಲಿ ತೊಟ್ಟಿಕ್ಕುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರಾರೂ ಬಲ್ಲವರಲ್ಲ. "ಸೋರಿದಾಗ ಕರೆದರೆ ಬಂದನೇ?" ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿರಿ. ಉತ್ತಮ ಕೆಲಸಗಾರನ ಮಾಡಿನಲ್ಲಿಯೂ ಒಂದೆರಡು ಕಡೆ ಸೋರಬಹುದು. ಕರೆದೊಡನೆ ಬರುವವನು ಯೋಗ್ಯ.

ಕೆಲಸ ಬಲ್ಲವನ ಗುರುತು

ಮಂಗಳೂರಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯ ತುಂಬ ಕಾರ್ಖಾನೆಗಳೆದ್ದುವು. ಒಂದೊಂದರ ಅಚ್ಚಿನ ಅಳತೆಯಲ್ಲಿ ಅಲ್ಪಸ್ವಲ್ಪ ಭೇದವುಂಟು. ಹಂಚು ರೀಪಿನ ಮೇಲೆ ಸರಿಯಾಗಿ ಕೂರಬೇಕಾದರೆ ರೀಪಿನ ಅಂತರ ಆ ಹಂಚಿಗೆ ಹೊಂದಬೇಕು. ಆದಕಾರಣ ಮೇಸ್ತ್ರಿಯನ್ನು "ರೀಪಿನ ಅಂತರ ಎಷ್ಟು ಇಡುತ್ತೀರಿ?" ಎಂದು ಕೇಳಿ ನೋಡಿರಿ. ಥಟ್ಟನೆ ಅಂಕೆ ಹೇಳುವವನಿಗಿಂತ "ಮೊದಲು ಹಂಚು ತೋರಿಸಿ" ಎನ್ನುವವನು ಬಲ್ಲವನು. ಎರಡು ಕಾರ್ಖಾನೆಗಳ ಹಂಚನ್ನು ಒಂದೇ ಸಾಲಿನಲ್ಲಿ ಬೆರೆಸುವವನನ್ನು ದೂರವಿಡಿರಿ. ಆ ಸಂದಿಯಲ್ಲಿಯೇ ಗಾಳಿಮಳೆ ನುಗ್ಗುತ್ತದೆ. ಕೆಡವಿದ ಮನೆಗಳ ಹಳೆಯ ಹಂಚು ಕೊಳ್ಳುವುದರಲ್ಲಿ ದೋಷವಿಲ್ಲ, ಆದರೆ ಬೆರಳಿನಿಂದ ತಟ್ಟಿದಾಗ ಕಂಚಿನಂತೆ ದನಿಗೊಡಬೇಕು. ಮಂಕು ಸದ್ದು ಬಂದರೆ ಬಿರುಕಿದೆ ಎಂದು ತಿಳಿಯಿರಿ.

ಈಗ ಹಲವರು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟು ಹೊದೆಸುತ್ತಾರೆ. ಇಲ್ಲಿ ಮೋಸ ನಡೆಯುವುದು ದಪ್ಪದಲ್ಲಿ. ಅರ್ಧ ಮಿಲಿಮೀಟರ್ ಎಂದು ಮಾತುಕೊಟ್ಟು ತೆಳುವಾದುದನ್ನು ತರುವವರಿದ್ದಾರೆ. ಶೀಟಿನ ಹೆಸರು ಮತ್ತು ದಪ್ಪ ಅಂಗಡಿಯ ಬಿಲ್ಲಿನಲ್ಲಿ ಬರೆದಿರಬೇಕು, ಮೇಲೇರಿಸುವ ಮುನ್ನ ಅಳೆದು ನೋಡಬೇಕು. ತಿರುಪುಗಳಿಗೆ ರಬ್ಬರಿನ ಬಿಲ್ಲೆ ಇರಬೇಕು. ಶೀಟು ಕೊರೆದಾಗ ಬೀಳುವ ಕಬ್ಬಿಣದ ಹುಡಿಯನ್ನು ಅದೇ ದಿನ ಸಂಜೆ ಗುಡಿಸುವವನು ಶ್ರದ್ಧಾವಂತ; ಗುಡಿಸದೆ ಬಿಟ್ಟರೆ ಆ ಹುಡಿಯೇ ತುಕ್ಕಾಗಿ ಶೀಟನ್ನು ಕೆಡಿಸುತ್ತದೆ.

ಹಣ ಕೆಲಸದ ಹಿಂದೆ ನಡೆಯಲಿ

ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಮೂರು ಲಕ್ಷ ರೂಪಾಯಿಯ ಕೆಲಸವಾದರೆ ಮುಂಗಡ ಅರುವತ್ತು ಸಾವಿರ. ಮರದ ಕೆಲಸ ಮುಗಿದ ಮೇಲೆ ಒಂದು ಲಕ್ಷ ಇಪ್ಪತ್ತು ಸಾವಿರ. ಹಂಚು ಹೊದೆಸಿದ ಮೇಲೆ ತೊಂಬತ್ತು ಸಾವಿರ. ಉಳಿದ ಮೂವತ್ತು ಸಾವಿರ ಆಟಿ ತಿಂಗಳ ಮಳೆ ಕಳೆದ ಮೇಲೆ. ಈ ಕೊನೆಯ ಕಂತಿಗೆ ಒಪ್ಪದವನು ತನ್ನ ಕೆಲಸವನ್ನು ತಾನೇ ನಂಬದವನು. ಮುಂಗಡದ ಹೊರತು ಪ್ರತಿ ಕಂತನ್ನೂ ಚಿತ್ರ ನೋಡಿ, ಮನೆಯವರ ಮಾತು ಕೇಳಿ, ಬ್ಯಾಂಕಿನ ಮೂಲಕವೇ ಕಳುಹಿಸಿರಿ. ಸಾಧ್ಯವಾದರೆ ಮರ, ಹಂಚು, ಶೀಟುಗಳ ಹಣವನ್ನು ಅಂಗಡಿಗೇ ನೇರವಾಗಿ ಸಂದಾಯಮಾಡಿ, ನಿಮ್ಮ ಹೆಸರಿನಲ್ಲಿಯೇ ಬಿಲ್ಲು ಪಡೆಯಿರಿ.

ಒಪ್ಪಂದ ಒಂದು ಹಾಳೆಯಷ್ಟಿದ್ದರೂ ಸಾಕು. ಕೆಲಸದ ವಿವರ, ಆರಂಭ ಮತ್ತು ಮುಕ್ತಾಯದ ದಿನಾಂಕ, ಕಂತುಗಳು, ಸೋರಿದರೆ ಎಷ್ಟು ಕಾಲದವರೆಗೆ ದುರಸ್ತಿ ಅವನ ಹೊಣೆ, ಕೆಲಸದಾಳು ಮಾಡಿನಿಂದ ಬಿದ್ದರೆ ಚಿಕಿತ್ಸೆಯ ವೆಚ್ಚ ಯಾರದು ಎಂಬುದಿಷ್ಟೂ ಇರಲಿ. ಮಳೆ ಸಾಮಾನ್ಯವಾಗಿ ಜೂನಿನ ಮೊದಲ ವಾರ ನಮ್ಮ ಕರಾವಳಿ ಮುಟ್ಟುವುದರಿಂದ ಮುಕ್ತಾಯದ ದಿನ ಮೇ ಹದಿನೈದನ್ನು ದಾಟದಿರಲಿ. ಹೊಸ ಮರ ಮತ್ತು ಹಂಚು ಅಂಗಳಕ್ಕೆ ಬಂದು ಬೀಳುವ ತನಕ ಹಳೆಯ ಮಾಡನ್ನು ಬಿಚ್ಚಕೂಡದೆಂಬ ಮಾತನ್ನೂ ಬರೆಯಿಸಿರಿ. ಇದೊಂದು ಮಾತು ಬರೆದಿದ್ದರೆ ನಮ್ಮ ಮನೆಯ ಅಕ್ಕಿ ಉಳಿಯುತ್ತಿತ್ತು. ನಂಟನಾದರೂ ಬರೆಯಿಸಿರಿ. ಬರೆಹವಿದ್ದರೆ ನಂಟಸ್ತಿಕೆ ಉಳಿಯುತ್ತದೆ.

ಇಷ್ಟಾಗಿಯೂ ಮೋಸಹೋದರೆ ಪರವೂರಿನಲ್ಲಿರುವ ನಾವು ನಿರುಪಾಯರಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಗುತ್ತಿಗೆದಾರ ಉಡುಪಿಯವನಾದರೂ ದೂರು ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ನಡೆದೀತು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಆದರೆ ಎರಡು ವರ್ಷದೊಳಗೆ ದೂರು ಸಲ್ಲಬೇಕು, ಕೈಯಲ್ಲಿ ಕಾಗದ ಇರಬೇಕು. ಬಾಯಿಮಾತಿನ ಒಪ್ಪಂದವನ್ನು ಸಾಧಿಸಿ ತೋರಿಸುವುದು ಬಲು ಕಷ್ಟ.

ಪಾತ್ರೆ ತೊಳೆದು, ಮೇಜು ಒರೆಸಿ, ಲೆಕ್ಕದ ಪುಸ್ತಕದ ಮೇಲೆ ಬೆನ್ನುಬಾಗಿಸಿ ಕೂಡಿಟ್ಟ ಹಣ ನಮ್ಮದು. ಅದು ಊರಿನಲ್ಲಿ ಹಿರಿಯರ ತಲೆಯ ಮೇಲಿನ ನೆರಳಾಗಬೇಕು. ಈ ಸಲ ಊರಿನಿಂದ ಫೋನು ಬಂದಾಗ ಹಣ ಕಳುಹಿಸುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಕುಳಿತುಕೊಳ್ಳಿರಿ. ಅಷ್ಟು ಮಾಡಿದರೆ ಜೂನಿನ ಮೊದಲ ಮಳೆಯ ರಾತ್ರಿ ಅಲ್ಲಿ ಅಮ್ಮನೂ ಇಲ್ಲಿ ನೀವೂ ನೆಮ್ಮದಿಯಿಂದ ನಿದ್ರಿಸಬಹುದು.