ಜೀಪಿನ ಮುಂದಿನ ಆಕ್ಸಲ್: ಬೆಸುಗೆ ಹಾಕುವ ಮುನ್ನ



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಹಳೆಯ ಜೀಪು ಇನ್ನೂ ದುಡಿಯುತ್ತಿದೆ. ಕಾಫಿ ಮೂಟೆ, ಗೊಬ್ಬರ, ಸೌದೆ, ಕೆಲಸಕ್ಕೆ ಬರುವವರು, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೊರಟವರು, ಎಲ್ಲರಿಗೂ ಅದೇ ಗತಿ. ತೋಟದ ರಸ್ತೆಯ ಹೊಂಡಗಳಲ್ಲಿ ಬಿದ್ದೆದ್ದು ಒಂದು ದಿನ ಅದರ ಮುಂದಿನ ಆಕ್ಸಲ್ ಬಾಗುತ್ತದೆ. ಈಗ ಚಿಕ್ಕ ವೆಲ್ಡಿಂಗ್ ಯಂತ್ರ ಅನೇಕರ ಮನೆಯಲ್ಲೇ ಇದೆ. ‘ಒಂದು ಪಟ್ಟಿ ಇಟ್ಟು ಬೆಸೆದರಾಯಿತಲ್ಲ’ ಎಂಬ ಯೋಚನೆ ಬರುವುದು ಸಹಜ. ಆಗುತ್ತದೆ, ನಿಜ. ಆದರೆ ಹೊಂಡ ಯಾವ ಹಾನಿ ಮಾಡುತ್ತದೆಯೋ ಅದೇ ಹಾನಿಯನ್ನು ಅವಸರದ ಬೆಸುಗೆಯೂ ಮಾಡಬಲ್ಲದು. ಇದು ಹೇಗೆಂದು ಸ್ವಲ್ಪ ವಿವರವಾಗಿ ನೋಡೋಣ.

ಇಲ್ಲಿ ಹೇಳುವುದು ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಗಳಿಗೆ ಮಾತ್ರ, ಅಂದರೆ ವಿಲ್ಲಿಸ್ ಮಾದರಿಯ ಹಳೆಯ ಮಹೀಂದ್ರ ಜೀಪು, ಜಿಪ್ಸಿಯಂಥವಕ್ಕೆ. 2020ರ ಹೊಸ ಥಾರ್‌ನಲ್ಲಿ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಅದಕ್ಕೆ ಈ ಮಾತು ಅನ್ವಯಿಸದು.

ವಿಲ್ಲಿಸ್ ಜೀಪಿನ ಮುಂದಿನ ಆಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ ಇರುವ ಗುಂಡುಭಾಗ ಎರಕದ್ದು. ಅದರ ಎರಡು ಕಡೆಗೆ ಉಕ್ಕಿನ ಕೊಳವೆಗಳನ್ನು ಒತ್ತಿ ಕೂರಿಸಿರುತ್ತಾರೆ. ಗುಂಡುಭಾಗ ನಡುಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಇರುವುದರಿಂದ ಒಂದು ಕೊಳವೆ ಉದ್ದ, ಇನ್ನೊಂದು ಗಿಡ್ಡ. ಕೊಳವೆಯ ಒಳಗೆ ಚಕ್ರ ತಿರುಗಿಸುವ ಹಾಫ್ ಶಾಫ್ಟ್ ಇದೆ. ಭಾರ ಹೊರುವುದು ಕೊಳವೆ, ತಿರುಗುವುದು ಶಾಫ್ಟ್.

ಹಳ್ಳಕ್ಕೆ ಅಡ್ಡ ಹಾಕಿದ ಸಂಕವನ್ನು ನೆನಪು ಮಾಡಿಕೊಳ್ಳಿ. ಎರಡು ದಡಗಳೇ ಎರಡು ಚಕ್ರಗಳು. ದಡದಿಂದ ತುಸು ಒಳಗೆ ಇಬ್ಬರು ಹೊರೆ ಹೊತ್ತು ನಿಂತಿದ್ದಾರೆ ಎನ್ನಿ, ಅವರೇ ಎರಡು ಕಡೆಯ ಸ್ಪ್ರಿಂಗ್ ಪ್ಲೇಟುಗಳು. ಸಂಕ ನಡುವೆ ಜಗ್ಗುತ್ತದೆ. ಅದರ ಮೇಲ್ಮೈ ಒತ್ತಿಹೋಗುತ್ತದೆ, ಕೆಳಮೈ ಹಿಗ್ಗುತ್ತದೆ. ಆಕ್ಸಲ್ ಕೂಡ ಹಾಗೆಯೇ. ನಡು ಕೆಳಗಿಳಿದು ತುದಿಗಳು ಮೇಲೇಳುತ್ತವೆ. ಆಗ ಚಕ್ರಗಳ ತಲೆಗಳು ಒಳಕ್ಕೆ ವಾಲುತ್ತವೆ, ಟೈರಿನ ಒಳಅಂಚು ಬೇಗ ಸವೆಯುತ್ತದೆ, ಕೊಳವೆಯೊಳಗಿನ ಆಯಿಲ್ ಸೀಲಿನ ಮೇಲೆ ಶಾಫ್ಟ್ ಒರೆದು ಎಣ್ಣೆ ಸೋರುತ್ತದೆ.

ನಿಮ್ಮ ಜೀಪಿನ ಆಕ್ಸಲ್ ಬಾಗಿದೆಯೇ? ಮನೆಯಲ್ಲೇ ನೋಡಬಹುದು. ಹಳೆಯ ವಿಲ್ಲಿಸ್ ಲೆಕ್ಕದಲ್ಲಿ ಮುಂದಿನ ಚಕ್ರದ ತಲೆ ಒಂದೂವರೆ ಡಿಗ್ರಿಯಷ್ಟು ಹೊರಕ್ಕೆ ವಾಲಿರಬೇಕು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ಚಕ್ರದ ಮುಂದೆ, ಹಬ್ಬಿಗೆ ತಾಗದಂತೆ, ಗಾರೆ ಕೆಲಸದವರ ತೂಗುಗುಂಡನ್ನು ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು ದೂರ, ಕೆಳಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. 16 ಇಂಚಿನ ರಿಮ್ಮಿನಲ್ಲಿ ಕೆಳಗಿನ ಅಳತೆ ಸುಮಾರು 1 ಸೆಂಟಿಮೀಟರ್ ಹೆಚ್ಚಿರಬೇಕು. ಎರಡೂ ಸಮವಾಗಿದ್ದರೆ ‘ಚಕ್ರ ನೆಟ್ಟಗಿದೆ’ ಎಂದು ಸಮಾಧಾನ ಪಡಬೇಡಿ. ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿಲ್ಲವೆಂದಾದರೆ ಆಕ್ಸಲ್ ಆಗಲೇ ಬಾಗಿದೆ ಎಂದರ್ಥ. ಬಾಗಿದ ಆಕ್ಸಲ್ಲಿಗೆ ಪಟ್ಟಿ ಹಾಕಿದರೆ ಬಾಗನ್ನೇ ಭದ್ರ ಮಾಡಿದಂತಾಗುತ್ತದೆ. ಮೊದಲು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಸಿ.

ಬಿರುಕಿದೆಯೇ ಎಂದೂ ನೋಡಬೇಕು. ಕೊಳವೆಯ ಕೊಳೆಯನ್ನು ಚೆನ್ನಾಗಿ ತೆಗೆದು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರಸಿ, ಮೇಲೆ ಚಾಕ್‌ಪುಡಿ ಹಚ್ಚಿ. ಬಿರುಕಿನೊಳಗೆ ಇಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪುಗೆರೆ ಮೂಡಿಸುತ್ತದೆ. ಗೆರೆ ಎರಕದ ಭಾಗದಲ್ಲಿ ಕಂಡರೆ ಮನೆಯ ಬೆಸುಗೆ ಬೇಡ. ಎರಕದ ಕಬ್ಬಿಣವನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಬೆಸೆದು, ನಿಧಾನವಾಗಿ ಆರಿಸಬೇಕು. ಅದು ಪಳಗಿದ ಕೈಯ ಕೆಲಸ. ಸ್ಟೀರಿಂಗಿನ ತೋಳು, ಟೈ ರಾಡ್, ಡ್ರ್ಯಾಗ್ ಲಿಂಕ್, ಹಾಫ್ ಶಾಫ್ಟ್, ಇವುಗಳಿಗಂತೂ ಯಾರ ಕೈಯಿಂದಲೂ ಬೆಸುಗೆ ಹಾಕಿಸಬೇಡಿ, ಬದಲಾಯಿಸಿ. ಘಾಟಿಯ ತಿರುವಿನಲ್ಲಿ ಇವು ಮುರಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿದ್ದೂ ಇಲ್ಲದಂತೆ.

ಇನ್ನು ಪಟ್ಟಿಯ ವಿಷಯ. ಶಾಲೆಯ ಮಕ್ಕಳ ಸ್ಕೇಲನ್ನು ಮಲಗಿಸಿ ಬಗ್ಗಿಸಿ ನೋಡಿ, ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ, ಬಾಗದು. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿಯನ್ನು ಮಲಗಿಸುವ ಬದಲು ನಿಲ್ಲಿಸಿದರೆ ಅದರ ಬಿಗಿ ಸುಮಾರು 70 ಪಟ್ಟು ಹೆಚ್ಚು. ಹಾಗಾಗಿ ಪಟ್ಟಿಯನ್ನು ಕೊಳವೆಯ ಮೇಲೆ ನಿಲ್ಲಿಸಿಯೇ ಬೆಸೆಯಬೇಕು. ಎರಡು ತುದಿಗಳನ್ನು ಇಳಿಜಾರಾಗಿ ಕತ್ತರಿಸಿ. ಪಟ್ಟಿ ಥಟ್ಟನೆ ಮುಗಿದರೆ ಬಿರುಕು ಶುರುವಾಗುವುದು ಅಲ್ಲೇ. ಅದೇ ಕಾರಣಕ್ಕೆ ಕೊಳವೆಯ ಸುತ್ತ ಬಳೆಯಂತೆ ಬೆಸುಗೆ ಎಳೆಯುವುದೂ ಬೇಡ. ಎಷ್ಟು ಎತ್ತರದ ಪಟ್ಟಿ ಎಂಬುದನ್ನು ಗಾಡಿಯೇ ಹೇಳುತ್ತದೆ: ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಆಕ್ಸಲ್ ಮೇಲೆ ಬರುತ್ತದೆ, ಪಟ್ಟಿ ಹೋಗಿ ಇಂಜಿನ್ನಿನ ಸಂಪಿಗೆ ಬಡಿಯಬಾರದು. ಯು-ಬೋಲ್ಟುಗಳಿಗೂ ಜಾಗ ಬಿಡಬೇಕು. ತಗಡು ಅಂಗಡಿಯಲ್ಲಿ ಸಿಕ್ಕಿತೆಂದು ಜಿ.ಐ. ಪಟ್ಟಿ ತರಬೇಡಿ. ಸತುವಿನ ಹೊಗೆ ಕುಡಿದರೆ ಅಂದು ರಾತ್ರಿ ಚಳಿಜ್ವರ ಖಂಡಿತ.

ಈಗ ಮುಖ್ಯ ಮಾತು. ಬೆಸುಗೆ ಆರುವಾಗ ಕುಗ್ಗುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಬೆಸುಗೆ ಎಳೆದಿರೋ, ಮೇಲ್ಮೈ ಗಿಡ್ಡವಾಗಿ ತುದಿಗಳು ಮೇಲೇಳುತ್ತವೆ. ಹೊಂಡ ಬಗ್ಗಿಸುವ ದಿಕ್ಕೂ ಇದೇ ಅಲ್ಲವೇ! ನೋಡಲು ಬಹಳ ಅಂದವಾದ ಬೆಸುಗೆಯ ಒಂದು ಜೀಪನ್ನು ನಾನೇ ಕಂಡಿದ್ದೇನೆ. ಹೊಸ ಟೈರುಗಳ ಒಳಅಂಚು ಒಂದೇ ಮಳೆಗಾಲಕ್ಕೆ ಬೋಳಾಗಿತ್ತು. ಮಾಲೀಕರು ಟೈರಿನ ಅಂಗಡಿಯವರನ್ನು ಬೈಯುತ್ತಿದ್ದರು.

ಆದ್ದರಿಂದ ಆಕ್ಸಲ್ಲನ್ನು ಗಾಡಿಯಿಂದ ಪೂರ್ತಿ ಇಳಿಸಿ. ಹಳೆಯ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಚಾಲಕನ ಸೀಟಿನ ಕೆಳಗೇ ಇದೆ ಎಂಬುದು ಇದಕ್ಕೆ ಇನ್ನೊಂದು ಕಾರಣ. ಎಣ್ಣೆ ಬಸಿದು ಶಾಫ್ಟ್, ಬೇರಿಂಗ್, ಸೀಲು, ಬ್ರೇಕ್ ಹೋಸ್ ಎಲ್ಲ ಬಿಚ್ಚಿ, ಒಳಗೂ ಹೊರಗೂ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ ಉಳಿದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ. ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್ ಮಾತ್ರ ಬಳಸಬೇಡಿ. ಕ್ಲೋರಿನ್ ಇರುವ ಕ್ಲೀನರಿನ ಪಸೆಗೆ ಆರ್ಕ್ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಒಂದು ದಪ್ಪ ಐ-ಬೀಮ್ ಅಥವಾ ಹಳೆಯ ರೈಲು ಕಂಬಿಯ ಮೇಲೆ ಆಕ್ಸಲ್ ಇಟ್ಟು, ನಡುವೆ ತೆಳುವಾದ ತುಂಡು ಕೊಟ್ಟು, ತುದಿಗಳನ್ನು ಕೆಳಕ್ಕೆ ಬಿಗಿಯಿರಿ. ತುದಿ ಮೇಲೇಳುವ ಹಠಕ್ಕೆ ಇದು ಮುಂಚಿತ ಉತ್ತರ. ಮೊದಲು ಟ್ಯಾಕ್ ಮಾತ್ರ ಹಾಕಿ. ಆಮೇಲೆ 30 ಮಿ.ಮೀ. ಉದ್ದದ ಒಂದು ಹೊಲಿಗೆ ಎಡತುದಿಯಲ್ಲಿ, ಮುಂದಿನದು ಬಲತುದಿಯಲ್ಲಿ, ಮತ್ತೊಂದು ಪಟ್ಟಿಯ ಹಿಂಬದಿಯಲ್ಲಿ, ಹೀಗೆ ದೂರದೂರಕ್ಕೆ. ಹೊಲಿಗೆಗಳ ನಡುವೆ ಜಾಗವಿರಲಿ. ಕೈ ಇಡಲು ಆಗುವಷ್ಟು ಆರಿದ ಮೇಲೆಯೇ ಪಕ್ಕದ ಹೊಲಿಗೆ. ನೀರು ಹೊಯ್ದು ಆರಿಸಬಾರದು. ಗುಂಡುಭಾಗದ ಮೇಲೆ ಪಟ್ಟಿ ಸೇತುವೆಯಂತೆ ಹಾದುಹೋಗಲಿ, ಎರಕಕ್ಕೆ ಅಂಟಿಸಬೇಡಿ. ಬೆಳಿಗ್ಗೆ ಶುರುಮಾಡಿದರೆ ಸಂಜೆಯಾಗುತ್ತದೆ, ಆಗಲಿ. ಬಿಗಿದಂತೆಯೇ ರಾತ್ರಿಯಿಡೀ ಬಿಟ್ಟು ಮರುದಿನ ಬಿಚ್ಚಿ, ದಾರ ಎಳೆದು ನೋಡಿ. ಅದಕ್ಕೆಂದೇ, ಶುರುಮಾಡುವ ಮೊದಲ ಅಳತೆಯನ್ನು ಬರೆದಿಟ್ಟಿರಬೇಕು.

ರಾಡಿನ ಬಗ್ಗೆ ಅನೇಕರಿಗೆ ಸಂದೇಹವಿದೆ. ಇಂಥ ಕೆಲಸಕ್ಕೆ 7018 ಒಳ್ಳೆಯದು, ಬೆಸುಗೆ ಸುಲಭವಾಗಿ ಬಿರಿಯದು. ಆದರೆ ಅದು ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ತೆರೆದಿಟ್ಟ ಕಟ್ಟನ್ನು ಬಿಸಿಲಿಗಿಟ್ಟರೆ ಸಾಲದು, 300 ಡಿಗ್ರಿಗೂ ಮೇಲಿನ ಶಾಖದ ಒಲೆ ಬೇಕು. ಅದಿಲ್ಲದಿದ್ದರೆ ಹೊಸ ಕಟ್ಟನ್ನು ಒಡೆದು ಅಂದೇ ಬಳಸಿ. 3.15 ಮಿ.ಮೀ. ರಾಡಿಗೆ ನೂರಿಪ್ಪತ್ತರ ಆಸುಪಾಸು ಆಂಪಿಯರ್ ಬೇಕು. ತೋಟದ ಮನೆಯ ಕರೆಂಟು ಅಷ್ಟು ಕೊಡದಿದ್ದರೆ ಬೆಸುಗೆ ಮೇಲೆ ಕೂರುತ್ತದೆ, ಒಳಗಿಳಿಯುವುದಿಲ್ಲ. ಮೊದಲು ಅದೇ ದಪ್ಪದ ಎರಡು ಚೂರುಗಳನ್ನು ಬೆಸೆದು, ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ನೋಡಿ. ಬೆಸುಗೆ ಬಿಟ್ಟುಕೊಂಡರೆ ಆಕ್ಸಲ್ಲನ್ನು ವರ್ಕ್‌ಶಾಪಿಗೆ ಒಯ್ಯಿರಿ, ನಾಚಿಕೆ ಬೇಡ.

ಗಾಡಿಗೆ ಕೂರಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ತೂಗುಗುಂಡಿನ ಅಳತೆಯನ್ನೂ, ಸೀಮೆಎಣ್ಣೆ-ಚಾಕ್‌ಪುಡಿಯ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ. ಈ ಸಲ ಪಟ್ಟಿಯ ಎರಡು ತುದಿಗಳನ್ನು ಹೆಚ್ಚು ಗಮನವಿಟ್ಟು ನೋಡಿ.